ಗೌರಿಯ ನೈದಿಲೆ ಹೌಜು

ಬೇಸಿಗೆಯಲ್ಲಿ ಮನೆಯ ಮೇಲಿನ ನೀರಿನ ಟಾಕಿ ತೊಳೆಸುವಾಗ ತಳದಲ್ಲಿ ಕೂತ ಕೆಸರನ್ನು ಬಾಚಿ ಮಾಳಿಗೆಯ ಮೇಲೆ ಸುರಿಯುತ್ತಾರೆ. ಆ ಕೆಸರಿಗೊಂದು ವಾಸನೆಯಿದೆ. ಮೊದಲ ಮಳೆಗೆ ಹೊಲದಿಂದ ಏಳುವ ವಾಸನೆಯಲ್ಲ ಅದು. ಬಹಳ ದಿನ ಬೆಳಕು ಕಾಣದ, ತಣ್ಣಗಿನ, ಸ್ವಲ್ಪ ಕೊಳೆತ, ಸ್ವಲ್ಪ ಸಿಹಿಯಾದ ವಾಸನೆ. ಕಲಬುರಗಿಯ ಈ ಸಿಮೆಂಟಿನ ಮನೆಯ ಮೇಲೆ, ಸುಡುವ ಬಿಸಿಲಲ್ಲಿ ನಿಂತು ಅದನ್ನು ಮೂಗಿಗೆ ಎಳೆದುಕೊಂಡರೆ ಸಾಕು, ಯಾರೋ ನನ್ನನ್ನು ಕೈಹಿಡಿದು ಒಂದು ಹಿತ್ತಲಿಗೆ ಕರೆದೊಯ್ದು ನಿಲ್ಲಿಸುತ್ತಾರೆ. ಆ ಹಿತ್ತಲು ಈಗಿಲ್ಲ. ಆ ಮನೆಯಿಲ್ಲ, ಓಣಿಯಿಲ್ಲ, ಊರೂ ಇಲ್ಲ. ನಿಮ್ಮಲ್ಲೂ ಕೆಲವರ ಊರು ಹೀಗೆ ಹೋಗಿರಬಹುದು. ನೀರಿನಡಿಗೆ ಹೋಗಿರಬಹುದು, ರಸ್ತೆಯಡಿಗೆ ಹೋಗಿರಬಹುದು, ಅಣ್ಣತಮ್ಮಂದಿರ ಪಾಲಿನಲ್ಲಿ ಹರಿದುಹೋಗಿರಬಹುದು. ಅಂಥವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲಿತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಎಷ್ಟು ಬಿಸಿಲಿದ್ದರೂ ಒಳಗೆ ತಂಪಾಗಿರುತ್ತಿದ್ದ ಪಡಸಾಲೆ. ಅಡುಗೆಮನೆಯಲ್ಲಿ ಯಾವಾಗಲೂ ರೊಟ್ಟಿ ಬಡಿಯುವ ಸದ್ದು. ಹೆಂಚಿನ ಮೇಲೆ ಸ್ವಲ್ಪ ಸೀದ ಜೋಳದ ವಾಸನೆ. ಆ ಮನೆಯಲ್ಲಿ ನನ್ನ ಅಪ್ಪ, ಅವ್ವ, ಅವರ ಮಗಳು ಸುಮಾ, ಅಂದರೆ ನಾನು. ಅಪ್ಪನ ತಮ್ಮ ಈರಣ್ಣ ಕಾಕಾ, ಅವನ ಹೆಂಡತಿ ಸುಗಲಾ ಕಾಕು, ಅವರ ಒಬ್ಬಳೇ ಮಗಳು ಗೌರಿ. ಗೌರಿ ನನಗಿಂತ ಸ್ವಲ್ಪ ಚಿಕ್ಕವಳು. ಆದರೆ ಊರಿಗೆ ಹೊಸದಾಗಿ ಬಂದವರು ನೋಡಿದರೆ ಬಹಳ ಚಿಕ್ಕವಳೆಂದೇ ತಿಳಿಯುತ್ತಿದ್ದರು. ಮೈ ಬೆಳೆದಿರಲಿಲ್ಲ. ಹುಟ್ಟುತ್ತಲೇ ಅವಳ ಹೃದಯದಲ್ಲಿ ದೋಷವಿತ್ತು. ನಾಲ್ಕು ಹೆಜ್ಜೆ ಓಡಿದರೆ ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಆಗುತ್ತಿತ್ತು. ಆಗ ಎಲ್ಲಿದ್ದಳೋ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಉಸಿರು ತಿರುಗುವ ತನಕ ನೆಲ ನೋಡುತ್ತಿದ್ದಳು. ಸೊಲ್ಲಾಪುರದ ಡಾಕ್ಟರು ಮೈ ಸ್ವಲ್ಪ ತುಂಬಲಿ, ಆಪರೇಶನ್ ಮಾಡೋಣ ಎಂದಿದ್ದರಂತೆ. ಹಾಲು, ಬೆಣ್ಣೆ, ಉತ್ತತ್ತಿ, ಎಲ್ಲ ತಿನ್ನಿಸಿದರು. ಮೈ ತುಂಬಲೇ ಇಲ್ಲ.

ಓಡಬಾರದು, ಬಿಸಿಲಿಗೆ ಹೋಗಬಾರದು, ಅಳಬಾರದು. ಹೀಗೆ ಹೇಳಿಸಿಕೊಂಡ ಮಗು ದಿನವಿಡೀ ಏನು ಮಾಡಬೇಕು? ನಾವೆಲ್ಲ ಹೊಳೆಗೆ ಹೊರಟಾಗ ಅವಳು ಪಡಸಾಲೆಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ. ಸುಮ್ಮನೆ ನಮ್ಮ ಕಾಲುಗಳನ್ನು ನೋಡುತ್ತಿದ್ದಳು. ಒಂದು ಸಲ ಕಾಕಾ ಅದನ್ನು ಗಮನಿಸಿದನಂತೆ. ಅವತ್ತೇ ಹಿತ್ತಲಿಗೆ ಹೋಗಿ, ಬೇವಿನ ಮರದಿಂದಾಚೆ ಬಿಸಿಲಿಗೆ ಬಿದ್ದಿದ್ದ ಹಳೇ ಹೌಜನ್ನು ಕೆದಕಿದ. ದನಕ್ಕೆ ನೀರು ಕುಡಿಸಲೆಂದು ಅಜ್ಜನ ಕಾಲದಲ್ಲಿ ಫರಸಿ ಕಲ್ಲಿನಿಂದ ಕಟ್ಟಿದ ಅಗಲವಾದ ತೊಟ್ಟಿ ಅದು. ಕಸ ತುಂಬಿಕೊಂಡಿತ್ತು. ಕಾಕಾ ಕಸ ತೆಗೆದು, ತಳದ ಕಲ್ಲೆಬ್ಬಿಸಿ ಇನ್ನಷ್ಟು ಆಳ ತೋಡಿ, ಕಲ್ಲು ಮತ್ತೆ ಹಾಸಿ, ಬಿರುಕಿಗೆ ಸುಣ್ಣದ ಗಚ್ಚು ಮೆತ್ತಿ, ನೀರು ತುಂಬಿದ. ಹೊಳೆಯ ಮಡುವಿನಿಂದ ಕೊಡದಲ್ಲಿ ಸಣ್ಣ ಮೀನು ಹಿಡಿದು ತಂದು ಬಿಟ್ಟ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೀನೇನು ಎಂದು ಓಣಿಯಲ್ಲಿ ನಕ್ಕರು. "ತಿನ್ನಾಕಲ್ಲಪಾ, ನೋಡಾಕ" ಎಂದು ಕಾಕಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟ.

ನೈದಿಲೆಯ ಯೋಚನೆ ಕಾಕುವಿನದು. ಅವಳ ತವರು ಆಳಂದದ ಕಡೆ. ಅವಳ ಅಪ್ಪ ಅಲ್ಲೊಂದು ದೊಡ್ಡ ವಾಡೆಯ ತೋಟ ನೋಡಿಕೊಳ್ಳುತ್ತಿದ್ದರು. ಅಲ್ಲಿನ ನೀರಿನ ಕೊಳದಲ್ಲಿ ಬಿಳಿಯ ಮತ್ತು ತೆಳುಗೆಂಪಿನ ನೈದಿಲೆ ಬೆಳೆಯುತ್ತಿದ್ದವು. ಚಳಿಗೆ ಎಲೆ ಸತ್ತರೂ ಕೆಸರೊಳಗೆ ಗಡ್ಡೆ ಸಾಯದ ಗಟ್ಟಿ ಜಾತಿ. ಕಾಕು ಹೇಳಿಕಳಿಸಿದಳು. ಅವಳ ಅಪ್ಪ, ಗೌರಿಯ ಮುತ್ಯಾ, ತಾವೇ ಬಸ್ಸಿನಲ್ಲಿ ಬಂದರು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ್ದ ಗಡ್ಡೆಗಳನ್ನು ಪಡಸಾಲೆಯಲ್ಲಿ ಬಿಚ್ಚಿದಾಗ ನಾನೂ ಗೌರಿಯೂ ಬಗ್ಗಿ ನೋಡಿದೆವು. ಶುಂಠಿಯ ಹಾಗೆ, ಆದರೆ ಕಪ್ಪು, ಮೈಯೆಲ್ಲ ಬೇರಿನ ಕೂದಲು. ಗೌರಿ ಹಿಂದೆ ಸರಿದಳು. "ಇದರಾಗಿಂದ ಹೂವು ಬರತಾವೇನು ಮುತ್ಯಾ?" ಎಂದಳು. "ನೀ ಕುಂತು ನೋಡತಿದ್ದರ ಬರತಾವ ಬೇ" ಎಂದರು ಅವರು. ಆ ಮಾತನ್ನು ಅವಳು ನಿಜವೆಂದೇ ನಂಬಿದಳು.

ಅಗಲ ಬಾಯಿಯ ಬುಟ್ಟಿಗಳಿಗೆ ಕಾಕು ನಮ್ಮ ಹೊಲದ ಎರೆಮಣ್ಣು ತುಂಬಿದಳು. ಗೊಬ್ಬರ ಬಹಳ ಹಾಕಿದರೆ ನೀರು ಹಸಿರಾಗುತ್ತದೆ ಎಂದು ಒಂದು ಹಿಡಿಯಷ್ಟನ್ನೇ ತಳದಲ್ಲಿ ಇಟ್ಟಳು. ಗಡ್ಡೆಯನ್ನು ಓರೆಯಾಗಿ ಮಲಗಿಸಿ, ಮೊಳಕೆಯ ತುದಿ ಮಾತ್ರ ಮೇಲೆ ಉಳಿಯುವಂತೆ ಮಣ್ಣು ಎಳೆದಳು. ಮೀನು ಬಂದು ಕೆದಕಬಾರದೆಂದು ಮೇಲೆ ಹೊಳೆಯ ಹರಳು ಹಾಸಿದಳು. ಹರಳು ಆರಿಸುವುದು ಗೌರಿಯ ಕೆಲಸ. ಕೂತಲ್ಲೇ ಮಾಡಬಹುದಾದ ಕೆಲಸ. ಮೊದಮೊದಲು ಬುಟ್ಟಿಯ ಕೆಳಗೆ ಕಲ್ಲಿಟ್ಟು ನೀರಿನ ಮೇಲ್ಭಾಗಕ್ಕೆ ಹತ್ತಿರ ನಿಲ್ಲಿಸಿದರು. ಎಲೆ ಮೇಲೆ ಬಂದಂತೆಲ್ಲ ಕಾಕಾ ಒಂದೊಂದೇ ಕಲ್ಲು ತೆಗೆದು ಬುಟ್ಟಿಯನ್ನು ಕೆಳಗಿಳಿಸಿದ. ಬಂದ ಮೊದಲ ಎಲೆ ತಾಮ್ರದ ಬಣ್ಣದ್ದು, ಸುರುಳಿ ಸುತ್ತಿಕೊಂಡದ್ದು. ನೀರಿನ ಮೇಲೆ ಬಂದು ಬಿಚ್ಚಿಕೊಂಡಿತು. ಅದರ ಮೇಲೆ ನಿಂತ ಹನಿಯನ್ನು ಗೌರಿ ಬೆರಳಿನಿಂದ ಅತ್ತಿತ್ತ ಉರುಳಿಸುತ್ತ ಇಡೀ ಬೆಳಗು ಕಳೆದಳು.

ಆಮೇಲಿನ ದಿನಗಳಲ್ಲಿ ಬೇವಿನ ನೆರಳಿನ ನಮ್ಮ ಹಿತ್ತಲು ಅವಳ ಶಾಲೆ, ಅವಳ ಹೊಳೆ, ಅವಳ ಓಣಿ ಎಲ್ಲವೂ ಆಯಿತು. ಹೂವು ಬಿಸಿಲೇರಿದಾಗ ಬಿರಿದು, ಇಳಿಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ಮೂರ್ನಾಲ್ಕು ದಿನ ಹೀಗೆ ಮಾಡಿ, ಆಮೇಲೆ ತಾನಾಗಿಯೇ ನೀರಿನೊಳಗೆ ಮುಳುಗುತ್ತಿತ್ತು. ಹಳದಿಯಾದ ಎಲೆಯನ್ನು ಬುಡದಿಂದ ಚಿವುಟಿ ತೆಗೆಯುವುದನ್ನು ಕಾಕು ಅವಳಿಗೆ ಕಲಿಸಿದಳು. ಬಿಟ್ಟರೆ ನೀರು ಕೆಡುತ್ತದೆ, ಮೀನು ಸಾಯುತ್ತವೆ. ಗೌರಿ ಮೀನುಗಳಿಗೆ ಬೀಗರ ಹೆಸರಿಟ್ಟಿದ್ದಳು. ಹೊಟ್ಟೆ ದಪ್ಪಗಿದ್ದ ಒಂದಕ್ಕೆ ನನ್ನ ಸೋದರಮಾವನ ಹೆಸರು. ಹಿತ್ತಲ ಗೋಡೆಯಾಚೆಗಿನ ಮನೆಯ ಚಾಂದಬೀ ದಿನಕ್ಕೊಮ್ಮೆಯಾದರೂ ಗೋಡೆಯ ಮೇಲೆ ಗಲ್ಲವಿಟ್ಟು ನಿಲ್ಲುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದವಳು. ಅವಳ ಬಾವಿಯ ನೀರೇ ನಮ್ಮ ಹೌಜಿಗೆ ಬರುತ್ತಿತ್ತು. "ಏನಂತಾರ ಬೇಟಿ ನಿನ್ನ ಮೀನದವರು?" ಎಂದು ಕೇಳುತ್ತಿದ್ದಳು. ಗೌರಿ ನಿಧಾನವಾಗಿ, ನಡುನಡುವೆ ಉಸಿರು ತಗೊಳ್ಳುತ್ತ, ಮೀನುಗಳ ಮನೆಯ ಜಗಳವನ್ನೆಲ್ಲ ಹೇಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳು ಹಟ ಹಿಡಿದಳು. ತಾನೂ ನೀರಿಗಿಳಿಯಬೇಕು. ಎಲ್ಲರೂ ಹೊಳೆಗಿಳಿಯುತ್ತಾರೆ, ತಾನು ಮಾತ್ರ ಎಂದೂ ಇಳಿದಿಲ್ಲ. ಥಂಡಿ ಹಿಡಿದರೆ ಎದೆಗೆ ಕಷ್ಟ ಎಂದು ಅವ್ವ ಬೇಡವೆಂದಳು. ಕಾಕುವೂ ಬೇಡವೆಂದಳು. ಆದರೆ ಗೌರಿ ಅವತ್ತು ಊಟ ಮಾಡಲಿಲ್ಲ. ಮಧ್ಯಾಹ್ನ, ಕಲ್ಲು ಕಾದ ಹೊತ್ತಿನಲ್ಲಿ, ಕಾಕು ಸೀರೆ ಎತ್ತಿ ಕಟ್ಟಿ, ಅವಳನ್ನು ಬಗಲಲ್ಲಿ ಹೊತ್ತು ಹೌಜಿಗೆ ಇಳಿದಳು. ಮೆಲ್ಲಗೆ, ಎಲೆಗಳನ್ನು ಕೈಯಿಂದ ಸರಿಸುತ್ತ, ಮಗಳ ಪಾದವನ್ನು ನೀರಿಗೆ ಇಳಿಬಿಟ್ಟಳು. ಮೀನು ಬಂದು ಪಾದ ಮುಟ್ಟಿದವು. ಗೌರಿ ತಾಯಿಯ ಕೊರಳನ್ನು ಗಟ್ಟಿಯಾಗಿ ಅಪ್ಪಿಕೊಂಡು ಕಣ್ಣು ಮುಚ್ಚಿದಳು. "ಸಾಕೇನು?" ಎಂದು ಕಾಕು ಕೇಳಿದಳು. "ಇನ್ನೊಂದೀಟು" ಎಂದಳು. ಮತ್ತೆ ಕೇಳಿದಳು. "ಇನ್ನೊಂದೀಟು ಯವ್ವಾ." ನಾನು ದಂಡೆಯ ಮೇಲೆ ಕೂತು ನೋಡುತ್ತಿದ್ದೆ. ಆ ಮನೆಯಲ್ಲಿ ನಾನು ಕಂಡ ಸುಖವೆಂದರೆ ಅದೇ. ಅದಕ್ಕಿಂತ ಹೆಚ್ಚಿನದು ಏನೂ ನೆನಪಾಗುವುದಿಲ್ಲ.

ಮುಂಗಾರಿನ ಮಿರಗದ ಮಳೆ ಬಂದಮೇಲೆ ಅವಳಿಗೆ ಜ್ವರ ಬಂತು. ನೀರಿಗಿಳಿದದ್ದಕ್ಕೂ ಜ್ವರಕ್ಕೂ ನಡುವೆ ಎಷ್ಟೋ ವಾರ ಕಳೆದಿದ್ದವು. ಊರಲ್ಲಿ ಆಗ ಮನೆಮನೆಗೂ ಜ್ವರವಿತ್ತು. ನನಗೂ ಬಂದಿತ್ತು, ಬಿಟ್ಟಿತ್ತು. ಅವಳಿಗೆ ಬಿಡಲಿಲ್ಲ. ಜೀಪಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ, ಕಾಕುವಿನ ತೊಡೆಯ ಮೇಲೆ ಹೋಗಿಬಿಟ್ಟಳು. ಜೀಪು ತಿರುಗಿ ಬಂತು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ನಮ್ಮ ಹೊಲದ ಬದುವಿನ ಹತ್ತಿರ ಕುಣಿ ತೋಡಿದರು. ಅವಳನ್ನು ಕೂಡಿಸಿ ಹೂವಿನಿಂದ ಅಲಂಕರಿಸುವ ಹೊತ್ತಿಗೆ ಕಾಕಾ ಯಾರಿಗೂ ಹೇಳದೆ ಹಿತ್ತಲಿಗೆ ಹೋದ. ಉಟ್ಟ ಧೋತರದಲ್ಲೇ ಹೌಜಿಗೆ ಇಳಿದು ಇದ್ದಬದ್ದ ನೈದಿಲೆಯನ್ನೆಲ್ಲ ಕಿತ್ತ. ಬಿರಿದದ್ದು, ಮೊಗ್ಗು, ಏನನ್ನೂ ಬಿಡಲಿಲ್ಲ. ಉದ್ದುದ್ದ ದಂಟಿನ ಸಮೇತ ತೋಳ ತುಂಬ ತಂದು ಅವಳ ಮಡಿಲಿಗೆ ಹಾಕಿದ. ನೀರು ಸೋರಿ ಅವಳ ಹೊಸ ಲಂಗವೆಲ್ಲ ತೊಯ್ದುಹೋಯಿತು.

ಕೆಲವು ದಿನಗಳ ಮೇಲೆ ನನ್ನ ಅವ್ವ ಒಂದು ಮಾತು ಅಂದಳು. ದುಃಖದಲ್ಲೇ ಅಂದಳು, ಗೌರಿಯನ್ನು ಅವಳೂ ಎತ್ತಿ ಆಡಿಸಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಇಳಸಬಾರದಿತ್ತು ಸುಗಲಾ ನೀರಾಗ. ನಾ ಅವತ್ತೇ ಅಂದಿದ್ದೆ" ಎಂದಳು. ಕಾಕು ಒಲೆಗೆ ಕಟ್ಟಿಗೆ ದೂಡುತ್ತಿದ್ದಳು. ತಲೆ ಎತ್ತಲಿಲ್ಲ. "ಹೌದಕ್ಕಾ" ಎಂದಳು. ಅಷ್ಟೇ. ಜ್ವರಕ್ಕೂ ನೀರಿಗೂ ಸಂಬಂಧವಿಲ್ಲವೆಂದು ಅಪ್ಪ ಹೇಳಿದ, ಡಾಕ್ಟರೂ ಹೇಳಿದರು. ಆದರೆ ಆ "ಹೌದಕ್ಕಾ" ಅನ್ನುವುದನ್ನು ಕಾಕು ತನ್ನೊಳಗೆ ಇಟ್ಟುಕೊಂಡಳು. ಇಬ್ಬರೂ ಒಂದೇ ಒಲೆಯ ಮುಂದೆ ಇನ್ನೂ ಎಷ್ಟೋ ವರ್ಷ ರೊಟ್ಟಿ ಬೇಯಿಸಿದರು. ಬೇಕಾದಷ್ಟೇ ಮಾತಾಡಿದರು.

ಆ ವರ್ಷ ಹೌಜಿನ ಕಡೆಗೆ ಯಾರೂ ಹೋಗಲಿಲ್ಲ. ಎಲೆಗಳು ಕೊಳೆತವು, ನೀರು ಕಪ್ಪಗಾಯಿತು, ಬೀಗರ ಹೆಸರಿನ ಮೀನುಗಳು ಒಂದೊಂದೇ ಹೊಟ್ಟೆ ಮೇಲೆ ಮಾಡಿ ತೇಲಿದವು. ಅಪ್ಪ ಅದನ್ನು ಮುಚ್ಚಿಸಿಬಿಡೋಣವೆಂದ. ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಾಂದಬೀ ಗೋಡೆಯಾಚೆಯಿಂದ ಕೂಗಿದಳು. ಹೋಗಿ ನೋಡಿದರೆ ಆ ಹೊಲಸು ನೀರಿನ ಮೇಲೆ ತಾಮ್ರದ ಬಣ್ಣದ ಎಲೆಗಳು. ಕಾಕು ಬಹಳ ಹೊತ್ತು ನಿಂತಳು. "ಸಾಯಲಿಲ್ಲ ನೋಡು ಇದು" ಎಂದಳು. ಧ್ವನಿಯಲ್ಲಿ ಸಂತೋಷವಿರಲಿಲ್ಲ; ಸಿಟ್ಟಿತ್ತು. "ಅದರ ತಪ್ಪೇನೈತಿ ಅಕ್ಕಾ" ಎಂದಳು ಚಾಂದಬೀ. ಮರುದಿನ ಕಾಕು ಬಕೆಟ್ಟು ಹಿಡಿದು ನೀರು ಚೆಲ್ಲತೊಡಗಿದಳು. ತಳದ ಕೆಸರನ್ನು ಬಾಚಿ ಬಾಚಿ ಹಿತ್ತಲಿಗೆ ಸುರಿದಳು. ಗಡ್ಡೆಗಳನ್ನು ಬಿಡಿಸಿ, ಮೆತ್ತಗಾದ ಭಾಗ ಕೊಯ್ದು ಎಸೆದು, ಗಟ್ಟಿ ತುದಿಗಳನ್ನು ಹೊಸ ಮಣ್ಣಿಗೆ ಕೂಡಿಸಿದಳು. ಅಲ್ಲಿಂದ ಮುಂದೆ ಅವಳು ಆ ಹೌಜನ್ನು ನೋಡಿಕೊಂಡ ರೀತಿಯನ್ನು ಏನೆಂದು ಹೇಳಲಿ. ಪ್ರೀತಿಯೆನ್ನಲು ನನಗೆ ಬಾಯಿ ಬರುವುದಿಲ್ಲ. ಶಿಕ್ಷೆ ಅನುಭವಿಸುವವರು ಕೆಲಸ ಮಾಡುವ ಹಾಗೆ ಮಾಡುತ್ತಿದ್ದಳು. ಹೂವು ಹೌಜಿನ ತುಂಬ ಬಂದವು. ಅವಳು ಒಂದನ್ನೂ ಮುಡಿಯಲಿಲ್ಲ, ದೇವರಿಗೂ ಏರಿಸಲಿಲ್ಲ. ಬದುವಿನ ಹತ್ತಿರಕ್ಕೆ ಮಾತ್ರ ಒಯ್ಯುತ್ತಿದ್ದಳು.

ನಾನು ಕಾಲೇಜಿನಲ್ಲಿದ್ದಾಗ ಹೊಳೆಗೆ ಬ್ಯಾರೇಜು ಬಂತು. ಅಧಿಕಾರಿಗಳು ಬಂದು ಅಳೆದು ಹೋದರು. ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬಿದ್ದವು. ಊರಿಗೆ ಊರೇ ಚೌಡಾಪುರದ ಕಡೆಯ ಎತ್ತರದ ಬಯಲಿಗೆ ಹೋಗಬೇಕೆಂದಾಯಿತು. ಅಪ್ಪ ನಮ್ಮನ್ನು ಕಲಬುರಗಿಗೆ ಕರೆತಂದ. ಕಾಕಾ, ಕಾಕು, ಚಾಂದಬೀ ಹೊಸ ಊರಿಗೆ ಹೋದರು. ಸಾಮಾನು ಹೇರಿದ ಟ್ರ್ಯಾಕ್ಟರಿನಲ್ಲಿ ಕಾಕು ಒದ್ದೆ ಗೋಣಿತಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊರಡುವ ಮುಂಚೆ ಕಾಕಾ ಒಬ್ಬ ಸಾಹೇಬರನ್ನು ಕೇಳಿದ್ದನಂತೆ, "ಸಾಹೇಬ್ರ, ಸತ್ತವರನ್ನ ಎಲ್ಲಿಗೆ ಒಯ್ಯೂಣ್ರಿ?" ಅವರು ಒಳ್ಳೆಯವರೇ ಇರಬೇಕು. ತಲೆ ತಗ್ಗಿಸಿದರಂತೆ.

ಹೊಳೆ ತುಂಬಿ ಊರು ಮುಳುಗಿಸಿತು. ಹೊಸ ಊರಿನಲ್ಲಿ ಕುಡಿಯಲು ನೀರಿರಲಿಲ್ಲ. ಒಂದೇ ಅಳತೆಯ ಮನೆಗಳು, ಗಿಡವಿಲ್ಲದ ಕಲ್ಲು ಮರಡಿ ನೆಲ, ಬೋರಿನಲ್ಲಿ ಉಪ್ಪುಪ್ಪಾದ ಸವಳು ನೀರು. ಕಾಕು ಒಂದು ಸಿಮೆಂಟಿನ ತೊಟ್ಟಿ ತರಿಸಿ ಗಡ್ಡೆ ನೆಟ್ಟಳು. ಟ್ಯಾಂಕರು ಬಂದಾಗ ಎಲ್ಲರ ಹಾಗೆ ಅವಳೂ ಕೊಡ ಹಿಡಿದು ನಿಲ್ಲುತ್ತಿದ್ದಳು. ಅದರಲ್ಲೇ ಒಂದು ಕೊಡ ತೊಟ್ಟಿಗೆ. ಒಬ್ಬ ಹೆಣ್ಣುಮಗಳು ಅದನ್ನು ನೋಡಿ, "ಮಂದಿಗೆ ಕುಡ್ಯಾಕಿಲ್ಲ, ಇಕಿಗೆ ಹೂವಿನ ಚೈನಿ" ಎಂದಳಂತೆ. ಕಾಕು ಆಮೇಲೆ ಬೋರಿನ ನೀರನ್ನೇ ಹಾಕಿದಳು. ರಜೆಗೆ ಹೋದಾಗ ನೋಡಿದೆ. ನಾಣ್ಯದಗಲದ ಎಲೆಗಳು, ಅಂಚು ಸುಟ್ಟಂತೆ ಕಂದಾಗಿದ್ದವು. ಮುಂದಿನ ಸಲ ಹೋದಾಗ ಎಲೆಗಳೇ ಇರಲಿಲ್ಲ. ಕಾಕು ತೋಳು ಮುಳುಗಿಸಿ ಗಡ್ಡೆ ಹೊರಗೆ ತೆಗೆದಳು. ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಬೆರಳು ಒಳಗೆ ಹೋಯಿತು. ಮುಗಿದೇ ಹೋಗಿತ್ತು. "ಒಗದು ಬರ್ರಿ ಇದನ್ನ" ಎಂದು ಕಾಕಾನಿಗೆ ಕೊಟ್ಟು, ಕೈ ತೊಳೆದುಕೊಂಡು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಒಂದು ವರ್ಷ ಹೊಳೆ ಬಹಳ ಇಳಿಯಿತು. ಹಳೇ ಊರಿನ ಕಟ್ಟೆಗಳು ಕಾಣುತ್ತಿವೆ ಎಂಬ ಸುದ್ದಿ ಬಂತು. ಕಾಕು ಹೋಗೋಣವೆಂದಳು. ಕಾಕಾ, ಚಾಂದಬೀ, ನಾನು ಜೊತೆಗೆ ಹೋದೆವು. ಎಲ್ಲೆಲ್ಲೂ ಹೂಳು, ಅದರ ಮೇಲೆ ಬಿರುಕು. ನಮ್ಮ ಮನೆಯ ಬುನಾದಿ ಸಿಕ್ಕಿತು. ಹೌಜಿನ ಫರಸಿಯನ್ನು ಯಾರೋ ಎಬ್ಬಿಸಿಕೊಂಡು ಹೋಗಿದ್ದರು. ಅದಿದ್ದ ಜಾಗ ಬರೀ ಒಂದು ತಗ್ಗು. ಕಾಕು ಅಲ್ಲಿ ನಿಲ್ಲಲೂ ಇಲ್ಲ. ಹೊಲದ ಕಡೆ ನಡೆದಳು. ಆದರೆ ಹೊಲ ಯಾವುದು? ಬದುವಿಲ್ಲ, ಬಂದಾರಿಯ ಗಡಿಕಲ್ಲಿಲ್ಲ, ಗುರುತಿನ ಜಾಲಿಯಿಲ್ಲ. ಆ ತಗ್ಗಿನಲ್ಲಿ ಆಳೆತ್ತರದ ಹೂಳು ಎಲ್ಲ ಹೊಲಗಳನ್ನೂ ಒಂದು ಮಾಡಿತ್ತು. ಕಾಕು ಅಲ್ಲೊಂದು ಕಡೆ ನಿಂತು, "ಇಲ್ಲೇ" ಎಂದಳು. ನಾಲ್ಕು ಮಾರು ನಡೆದು, "ಅಲ್ಲ, ಇಲ್ಲಿ" ಎಂದಳು. ಆಮೇಲೆ ಸುಮ್ಮನೆ ನಿಂತಲ್ಲೇ ತಿರುಗಿದಳು. ದೂರದಲ್ಲಿ ಚಾಂದಬೀಯೂ ಹಾಗೆಯೇ ತಿರುಗುತ್ತಿದ್ದಳು. ಅವಳ ಗಂಡನ ಗೋರಿಯೂ ಅದೇ ಹೂಳಿನಡಿ ಇತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು, ಯಾವ ಕಡೆ ಮುಖ ಮಾಡಿ ದುವಾ ಮಾಡಬೇಕೆಂದು ತಿಳಿಯದೆ, ಕೈಯೆತ್ತಿಕೊಂಡು ನಿಂತಿದ್ದಳು. ಕೊನೆಗೆ ಅವಳೇ ಬಂದು ಕಾಕುವಿನ ಮೊಣಕೈ ಹಿಡಿದಳು. "ನಡಿ ಅಕ್ಕಾ. ಎಲ್ಲಾ ಅವರದೇ ಅಂತ ತಿಳಕೊಳ್ಳೂಣು." ಕಾಕು ಬಗ್ಗಿ, ಕಾಲಡಿಯ ಮಣ್ಣನ್ನು ಒಂದು ಸಲ ಅಂಗೈಯಿಂದ ಒತ್ತಿದಳು. ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ.

ಕಾಕು ತೀರಿಕೊಂಡು ಕೆಲವು ವರ್ಷಗಳಾದವು. ಅವಳನ್ನು ಹೊಸ ಊರಿನ ಮಗ್ಗುಲ ಬಯಲಿನಲ್ಲಿ ಮಣ್ಣು ಮಾಡಿದರು, ಮಗಳಿಂದ ಬಹಳ ದೂರ. ಮಣ್ಣಿಗೆ ಬಂದ ನನ್ನ ಅವ್ವ ಎಲ್ಲರೂ ಹೋದ ಮೇಲೂ ಅಲ್ಲೇ ನಿಂತಿದ್ದಳು. ಏನೋ ಹೇಳಬೇಕೆಂದು ಬಂದವಳ ಹಾಗೆ ಕಾಣುತ್ತಿದ್ದಳು. ಚಾಂದಬೀ ಯಡ್ರಾಮಿಯ ತನ್ನ ತಂಗಿಯ ಮನೆಗೆ ಹೋದಳು. ಅಲ್ಲಿಯೇ ತೀರಿಕೊಂಡಳೆಂದು ಆಮೇಲೆ ತಿಳಿಯಿತು.

ಈ ಸಲ ಯುಗಾದಿಗೆ ಕಾಕಾನನ್ನು ನೋಡಲು ಹೋಗಿದ್ದೆ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಬೇವು ತಿಂದೆವು, ಅದೂ ಇದೂ ಮಾತಾಡಿದೆವು. ಆಮೇಲೆ ಅವನು ರಸ್ತೆ ನೋಡುತ್ತಲೇ ಕೇಳಿದ. "ಸುಮಾ, ಗೌರಿ ಹ್ಯಾಂಗ ನಗತಿದ್ದಳು ಬೇ? ಅಕಿ ಉಸಿರು ಎಳಕೊಳ್ಳೂದು ಇನ್ನೂ ಕಿವ್ಯಾಗೈತಿ. ಕೆಮ್ಮೂದು ನೆನಪೈತಿ. ನಗೂದು ಮಾತ್ರ ಎಷ್ಟು ನೆನಿಸಿದ್ರೂ ಬರವಲ್ದು. ನಿಮ್ಮ ಕಾಕು ಇದ್ದಿದ್ರ ಕೇಳತಿದ್ದೆ."

ನಾನು ನೆನಪಿಸಿಕೊಳ್ಳಲು ನೋಡಿದೆ. ಅವಳ ಕೆಂಪು ರಿಬ್ಬನ್ನು ಬಂತು, ಎಲೆಯ ಮೇಲಿನ ಹನಿ ಉರುಳಿಸುವ ಬೆರಳು ಬಂತು. ನಗು ಬರಲಿಲ್ಲ. ಈ ಲೋಕದಲ್ಲಿ ಅವಳನ್ನು ಕಂಡವರೆಂದು ಉಳಿದವರು ನಾವು ಕೆಲವರೇ. ನಮ್ಮಲ್ಲೂ ಅದು ಉಳಿದಿರಲಿಲ್ಲ.

"ಜೋರಾಗಿ ನಗತಿದ್ದಳು ಕಾಕಾ" ಎಂದೆ. "ಓಣಿ ತನಕ ಕೇಳತಿತ್ತು."

ಜೋರಾಗಿ ನಗುವಷ್ಟು ಉಸಿರು ಆ ಎದೆಯಲ್ಲಿ ಎಂದೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಕಾಕಾ ಮೆಲ್ಲಗೆ ತಲೆಯಾಡಿಸಿದ.

"ಹೌದು, ಹೌದು" ಎಂದ. "ಓಣಿ ತನಕ ಕೇಳತಿತ್ತು."